ವರದಿಯನ್ನು ಕೊನೇ ಪುಟದವರೆಗೂ ಓದಿದ ಜೂನಿಯರ್ ವಕೀಲರಿಗೆ

ಮಾನ್ಯ ಲಾಯರಮ್ಮನವರೇ,

ಮೊನ್ನೆ ಕಲ್ಲುಗಣಿಯ ಸಾರ್ವಜನಿಕ ಅಹವಾಲು ಸಭೆಯಲ್ಲಿ ನೀವು ನಡೆದುಕೊಂಡ ರೀತಿಯಿಂದ ನಮ್ಮ ವೃತ್ತಿಬಾಂಧವರಿಗೆಲ್ಲ ನೋವಾಗಿದೆ. ಪರಿಸರ ಪರಿಣಾಮದ ವರದಿ ಬರೆದುಕೊಡುವುದು ನನ್ನ ಹೊಟ್ಟೆಪಾಡು. ಇಷ್ಟು ವರ್ಷ ಅದನ್ನು ಯಾರೂ ಓದಿರಲಿಲ್ಲ. ಸಭೆಗೆ 30 ದಿನ ಮುಂಚೆ ನೋಟಿಸ್ ಕೊಡಿ, ವರದಿಯನ್ನು ಜಿಲ್ಲಾಧಿಕಾರಿ ಕಚೇರಿಯಲ್ಲಿಡಿ ಎಂದು 2006ರ ಅಧಿಸೂಚನೆ ಹೇಳುತ್ತದೆ. ಇಟ್ಟಿದ್ದೆವು. ನೀವು ಹೋಗಿ ಕೂತು ಓದುತ್ತೀರೆಂದು ಯಾರು ಕಂಡಿದ್ದರು? ಅದೂ ಅನುಬಂಧವನ್ನು!

"ಈ ಊರಲ್ಲಿ ಹಳ್ಳವೇ ಇಲ್ಲ ಅಂತ ಬರೆದಿದ್ದೀರಲ್ಲ, ಸಾರ್?" ಜಿಲ್ಲಾಧಿಕಾರಿಗಳ ಎದುರು, ವಿಡಿಯೋ ಓಡುತ್ತಿರುವಾಗ ಕೇಳುವ ಪ್ರಶ್ನೆಯೇ ಇದು? ಮಳೆಗಾಲ ಬಿಟ್ಟು ಒಂದು ಋತುವಿನ ಅಳತೆ ಸಾಕೆನ್ನುವುದು ನಾನು ಮಾಡಿದ ನಿಯಮವಲ್ಲ. ನಾವು ಹೋದದ್ದು ಏಪ್ರಿಲ್‌ನಲ್ಲಿ. ನೀರಿರಲಿಲ್ಲ, ತಗ್ಗು ಕಂಡಿತು, ತಗ್ಗು ಅಂತಲೇ ಬರೆದೆ. ನೀವೋ ಒಬ್ಬ ಅಜ್ಜಿಯ ಕೈಗೆ ಮೈಕು ಕೊಟ್ಟು, ಅದೇ ತಗ್ಗಿನ ಜುಲೈ ತಿಂಗಳ ಫೋಟೋವನ್ನು ಮೊಬೈಲಿನಲ್ಲಿ ಎತ್ತಿ ತೋರಿಸಿದಿರಿ. ಕೊಂಬು, ಮೂತಿ ಬಿಟ್ಟು ಪೂರ್ತಿ ಮುಳುಗಿದ ಎಮ್ಮೆಗಳು. ಜಿಲ್ಲಾಧಿಕಾರಿಗಳು ಕನ್ನಡಕ ಹಾಕಿಕೊಂಡು ನೋಡಿದರು.

ಕನ್ನಡ ಸಾರಾಂಶದ ಬಗ್ಗೆಯೂ ನಿಮ್ಮ ತಕರಾರು. ಪರಿಸರ ಪರಿಣಾಮದ 2020ರ ಕರಡು ಅಧಿಸೂಚನೆ ಕನ್ನಡದಲ್ಲಿ ಬಂದಿಲ್ಲವೆಂದು ತಕರಾರೆದ್ದು, ಅದನ್ನು ಅಂತಿಮಗೊಳಿಸದಂತೆ ನಮ್ಮ ಹೈಕೋರ್ಟೇ ತಡೆದಾಗಿನಿಂದ ನಿಮಗೆಲ್ಲ ಧೈರ್ಯ ಬಂದುಬಿಟ್ಟಿದೆ. ಸಾರಾಂಶದಲ್ಲಿ ಪಕ್ಕದ ಜಿಲ್ಲೆಯ ಊರಿನ ಹೆಸರು ಉಳಿದಿತ್ತು, ನಿಜ. ಊರುಗಳೆಲ್ಲ ನಮ್ಮವೇ ಅಲ್ಲವೇ?

ನಿಮ್ಮ ಸಂಬಳ ವಿಚಾರಿಸಿದೆ. ಜೂನಿಯರ್‌ಗಳಿಗೆ ತಿಂಗಳಿಗೆ ನಗರದಲ್ಲಿ 20,000, ಹಳ್ಳಿಗಾಡಿನಲ್ಲಿ 15,000 ರೂಪಾಯಿಯಾದರೂ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಹೇಳಿತಲ್ಲ, ಅದು ಬರೀ ಶಿಫಾರಸು. ನಾವು ಬರೆಯುವ 'ಸುತ್ತಲೂ ಹಸಿರು ಪಟ್ಟಿ ಬೆಳೆಸಲಾಗುವುದು' ಎಂಬ ಸಾಲಿನಷ್ಟೇ ಗಟ್ಟಿ. ನಮ್ಮ ಕಡೆಗೇ ಬಂದುಬಿಡಿ. ಇಲ್ಲಿ ವರದಿ ಬರೆಯುವವನಿಗೆ ದುಡ್ಡು ಕೊಡುವವನು ಗಣಿ ತೋಡುವವನೇ, ಕಾನೂನು ಒಪ್ಪಿದ ಏರ್ಪಾಡು. ಬಾಕಿ ಉಳಿಯುವ ಪ್ರಶ್ನೆಯೇ ಇಲ್ಲ.

ಬರುವುದಿಲ್ಲವೆಂದರೆ ನಿಮ್ಮಿಷ್ಟ. ಅನುಮತಿಯ ಆದೇಶ ತಲುಪಿದ ಮೇಲೆ ಮೇಲ್ಮನವಿಗೆ 30 ದಿನ, ತಡಕ್ಕೆ ತಕ್ಕ ಕಾರಣವಿದ್ದರೆ ಇನ್ನೊಂದು 60. ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಇರುವುದು ಚೆನ್ನೈನಲ್ಲಿ. ಅಜ್ಜಿಯನ್ನೂ ಕರೆತರುವುದಾದರೆ ರೈಲಿನಲ್ಲಿ ಕೆಳಗಿನ ಬರ್ತ್ ನೋಡಿ. ನನ್ನ ವಿಮಾನದ ಟಿಕೆಟ್ಟು ಕಂಪನಿಯದು.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ಪರಿಸರ ಸಲಹೆಗಾರ

ತಾ.ಕ.: ತಿದ್ದಿದ ವರದಿಯಲ್ಲಿ ಹಳ್ಳ ಸೇರಿಸಿದ್ದೇನೆ, ಮೀನುಗಳ ಪಟ್ಟಿ ಸಮೇತ. ಅದರಲ್ಲಿ ಬಂಗುಡೆ ಕಂಡರೆ ಸಭೆಯಲ್ಲಿ ಎದ್ದು ನಿಲ್ಲಬೇಡಿ, ಒಂದು ಫೋನ್ ಮಾಡಿ.