ಬರ್ಫದಾಗ ಶೇಂಗಾ ಹಿಂಡಿ

ಉಮರ್ಗಾ, ನಿಲಂಗಾ, ಉದ್ಗೀರದ ಮಂದಿ ಕೂಡಿ ಮನಾಲಿಗೆ ಹೊರಟರೆ ಬ್ಯಾಗಿನಲ್ಲಿ ಸ್ವೆಟರಿಗಿಂತ ಕಡಕ್ ರೊಟ್ಟಿ, ಶೇಂಗಾ ಹಿಂಡಿಯೇ ಹೆಚ್ಚು. 13 ಸಾವಿರ ಅಡಿ ದಾಟಿದ ರೋಹ್ತಾಂಗ್ ದಾರಿಯಲ್ಲಿ ಬಾಡಿಗೆ ಕೋಟು, ಗಂಬೂಟು ಏರಿಸಿದ ಮೇಲೆ ಯಾರ ಗಂಡ ಯಾರೆಂದು ಗುರುತೇ ಹತ್ತುವುದಿಲ್ಲ. ನಮ್ಮ ಕಾಕು ನೌವಾರಿ ಸೀರೆಯ ಮೇಲೇ ಕೋಟು ತೊಟ್ಟು, ಹಿಮದ ಉಂಡೆ ಹಿಡಿದು, ‘ಇಷ್ಟು ಬರ್ಫ ಉಮರ್ಗಾದಾಗ ಬಿದ್ದಿದ್ರ ಮೇ ತಿಂಗಳದಾಗ ಟ್ಯಾಂಕರ್ ಹಾದಿ ಕಾಯೂದು ತಪ್ತಿತ್ತು ನೋಡ್ರಿ’ ಅಂದರು. ಗೈಡ್ ಶಿಖರಗಳ ಹೆಸರು ಹೇಳುತ್ತಿದ್ದರೆ, ಉದ್ಗೀರದ ಮಾಮಾ 1760ರಲ್ಲಿ ಮರಾಠರು ತಮ್ಮೂರಲ್ಲಿ ನಿಜಾಮನನ್ನು ಸೋಲಿಸಿದ ಕಥೆಯನ್ನು ಅವನಿಗೇ ಬಿಚ್ಚಿದರು. 2020ರಲ್ಲಿ ತೆರೆದ ಅಟಲ್ ಸುರಂಗ 9.02 ಕಿಲೋಮೀಟರ್, ನಮ್ಮವರ ಅಂತ್ಯಾಕ್ಷರಿ ಅದಕ್ಕಿಂತ ಉದ್ದ. ನೀವೂ ಹೋಗುವವರಿದ್ದರೆ ರೋಹ್ತಾಂಗ್ ಪರ್ಮಿಟ್ ಮೊದಲೇ ಮಾಡಿಸಿರಿ. ಮಂಗಳವಾರ ಮಾತ್ರ ಬ್ಯಾಡ್ರಿ, ಅಂದು ರಸ್ತೆ ರಿಪೇರಿಗೆಂದು ಪ್ರವಾಸಿ ಗಾಡಿ ಬಿಡುವುದಿಲ್ಲ.