‘ರಿಪ್’ ಜೊತೆ ನಾಲ್ಕು ಮಾತು

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ, ಯಾವ ಊರಿನ ವಾಟ್ಸಾಪ್ ಗ್ರೂಪ್ ತೆರೆದರೂ ಬೆಳಗಿನ ಕಾಫಿಗೆ ಮೊದಲೇ ಎದುರಾಗುವವರು ಇವರು. ಇಂಗ್ಲಿಷಿನ ಮೂರೇ ಅಕ್ಷರ. ಸೀಮೆಯ ಸಕಲ ಸಂತಾಪಕ್ಕೂ ಗುತ್ತಿಗೆದಾರರು.

ಕೆಲಸ ಹೇಗಿದೆ?

ಪುರುಸೊತ್ತೇ ಇಲ್ಲ ಸಾ. ಮೊದಲೆಲ್ಲ ಸಾವಿನ ಮನೆಗೆ ಹೋಗಿ, ಜಗಲಿ ಮೇಲೆ ಸುಮ್ನೆ ಕೂತಿದ್ದು ಬರೋರು. ಈಗ ಕಟ್ಟೆಮಳಲವಾಡಿ ಹರಾಜಲ್ಲಿ ಒಂದು ಕೈಲಿ ಹೊಗೆಸೊಪ್ಪಿನ ಬೇಲ್ ಮುಟ್ಟಿ ನೋಡ್ತಾ, ಇನ್ನೊಂದು ಕೈಲಿ ನನ್ನನ್ನ ಒತ್ತುತಾರೆ. ಅದಿರಲಿ, ನನ್ನ ಹೊಟ್ಟೆ ಉರಿಸ್ತಿರೋದು ಆ ಕೈಮುಗಿದ ಇಮೋಜಿ! ಮದುವೆಗೂ ಅದೇ, ಓಟಿಗೂ ಅದೇ, ತಿಥಿಗೂ ಅದೇ. ನಾನು ಒಂದೇ ಕಸುಬಿನವನು.

ಸತ್ತವರು ಯಾರೆಂದೂ ನೋಡದೆ ನಿಮ್ಮನ್ನು ಹಾಕ್ತಾರಲ್ಲ?

ಆ ಇಮೋಜಿಗೆ ಮುಖಾನೇ ಇಲ್ಲ ಸಾ, ಗಮನಿಸಿದೀರಾ?

ಹೋಗ್ಲಿ, ಹುಣಸೂರಿನ ರೈಲಿಗೆ ನಿಮ್ಮನ್ನು ಹಾಕೋದು ಯಾವಾಗ? ಕೆ.ಆರ್. ನಗರದವರು ಆರಾಮಾಗಿ ರೈಲು ಹತ್ತುತ್ತಾರೆ. ನಾವು ಕುಶಾಲನಗರ ಲೈನಿನ ಸುದ್ದಿ ಓದ್ಕೊಂಡೇ ಮುದುಕರಾದೆವು.

ಹುಟ್ಟಿದ್ರೆ ತಾನೇ ಸಾಯೋದು? ಅದಕ್ಕೆ ನನ್ನನ್ನ ಕರೀಬೇಡಿ.

ನಿಮ್ಮ ಪಾಲಿನ ದೊಡ್ಡ ದಿನ?

2023ರ ಡಿಸೆಂಬರ್ 4. ಆನೆ ಅರ್ಜುನ ಹೋದ ದಿನ. ಎಲ್ಲರ ಸ್ಟೇಟಸ್ಸಲ್ಲೂ ನಾನೇ! ಆದ್ರೆ ಪಕ್ಕದಲ್ಲಿ ಆ ಇಮೋಜಿ ಬಂದು...

ನಿಲ್ಲಿಸ್ರೀ ಸಾಕು. ಅರ್ಜುನ ನಮ್ಮ ಕೋಟೆ ತಾಲ್ಲೂಕಿನ ಬಳ್ಳೆ ಶಿಬಿರದವನು. ಎಂಟು ದಸರಾ, 750 ಕೆ.ಜಿ. ಅಂಬಾರಿ. ಅರವತ್ತಾಯಿತು, ಇನ್ನು ಭಾರ ಹೊರಿಸಬಾರದು ಎಂದು 2020ರಲ್ಲಿ ಅಂಬಾರಿಯನ್ನು ಅಭಿಮನ್ಯುವಿನ ಬೆನ್ನಿಗೇರಿಸಿದರು. ಸರಿಯೇ. ಹೊರಲು ಮುದುಕನಾದವನು ಕಾದಾಡಲು ಪ್ರಾಯದವನಾದದ್ದು ಹೇಗೆ? ಕಾಡಾನೆ ಹಿಡಿಯಲು ಸಕಲೇಶಪುರ ತಾಲ್ಲೂಕಿನ ಯಸಳೂರಿಗೆ ಒಯ್ದರು. ಅಲ್ಲೇ ಕಾಡಾನೆಯ ಜೊತೆ ಕಾದಾಡಿ ಸತ್ತ, ಅಲ್ಲೇ ಮಣ್ಣಾದ. ಯಾಕೆ ಕಳಿಸಿದಿರಿ ಎಂದು ಬೀದಿಗಿಳಿದು ಕೇಳಿದವರೂ ಇದ್ದರು. ಉಳಿದ ನಾವು ನಿಮ್ಮನ್ನೊಂದು ಸಲ ಒತ್ತಿ, ಹೊದ್ದು ಮಲಗಿದೆವು.

ನನ್ನ ಮೇಲ್ಯಾಕ್ ಸಾ ರೇಗ್ತೀರಾ? ಇಮೋಜಿನ ಕೇಳಿ.

ಸಂದರ್ಶನ ಇಲ್ಲಿಗೆ ಮುಗಿಯಿತು. ಅರಣ್ಯ ಇಲಾಖೆಯವರಿಗೆ ಮಾತ್ರ ಒಂದು ಮಾತಿದೆ. ಅಂಬಾರಿ ಹೊತ್ತ ಅಭಿಮನ್ಯುವೂ ಅರವತ್ತರ ಅಂಚಿಗೆ ಬಂದವನು, ಕಾಡಾನೆ ಹಿಡಿಯುವುದರಲ್ಲೂ ಹೆಸರಾದವನು. ವೀರನಹೊಸಹಳ್ಳಿಯಲ್ಲಿ ಹೂವೆರಚಿ ಗಜಪಯಣಕ್ಕೆ ಕಳಿಸುವ ನೀವು, ಅವನ ಬೆನ್ನಿಂದ ಅಂಬಾರಿ ಇಳಿಸುವ ದಿನವೇ ಕಾರ್ಯಾಚರಣೆಯ ಪಟ್ಟಿಯಿಂದಲೂ ಅವನ ಹೆಸರು ತೆಗೆಯಿರಿ.