ಆಗಬಹುದಿತ್ತೋ, ಆಗಿಯೇಬಿಡುತ್ತಿತ್ತೋ

ನಾನು ಹಾಕಿ ಅಂಪೈರ್ ಆದದ್ದಕ್ಕೆ ಒಂದೇ ಕಾರಣ, ನನ್ನ ಹತ್ತಿರ ವಿಷಲ್ ಇತ್ತು. ದೊಡ್ಡಬಳ್ಳಾಪುರದಲ್ಲಿ ಶಾಲೆ ಹುಡುಗರ ಪಂದ್ಯ. ‘ಡಿ’ ಗೆರೆ ಗೋಲಿನಿಂದ 14.63 ಮೀಟರ್ ಇರಬೇಕು. ಸುಣ್ಣ ಸುರಿದವರ ಹಗ್ಗ ನಡುವೆ ಸಡಿಲಾಗಿ, ನಮ್ಮದು ಒಂದು ಕಡೆ 12, ಇನ್ನೊಂದು ಕಡೆ 16 ಇದ್ದೀತು. ಪವರ್‌ಲೂಮ್ ಸದ್ದಿನಲ್ಲಿ ಬೆಳೆದ ಊರು ಬೇರೆ. ಮೆಲ್ಲಗೆ ಮಾತಾಡಿ ಯಾರಿಗೂ ಅಭ್ಯಾಸವಿಲ್ಲ. ಚೆಂಡು ಕಾಲಿಗೆ ತಾಗುವ ಮುಂಚೆಯೇ ‘ಫುಟ್ಟು ಸಾ, ಫುಟ್ಟು!’

ಕೊನೆಯ ನಿಮಿಷ. ಕೀಪರ್ ಅಂಗಾತ ಬಿದ್ದಿದ್ದ. ಚೆಂಡು ಸಾವಕಾಶವಾಗಿ ಗೋಲಿನತ್ತ ಉರುಳುತ್ತಿತ್ತು. ಗೆರೆ ಮೇಲಿದ್ದ ಬ್ಯಾಕ್ ಕಾಲು ಅಡ್ಡ ಇಟ್ಟ. ಊದಿದೆ. ಊದುವುದೇನು, ಯಾರು ಬೇಕಾದರೂ ಊದಬಹುದು. ಆಮೇಲೆ ಕೈ ಎಲ್ಲಿಡುವುದು? ಎರಡನ್ನೂ ಗೋಲಿನತ್ತ ಚಾಚಿದರೆ ಪೆನಾಲ್ಟಿ ಕಾರ್ನರ್, ಐದು ಜನ ಕಾಯುತ್ತಾರೆ. ಒಂದನ್ನು ಆಕಾಶಕ್ಕೆತ್ತಿ ಇನ್ನೊಂದರಲ್ಲಿ 6.4 ಮೀಟರ್ ದೂರದ ಚುಕ್ಕಿ ತೋರಿಸಿದರೆ ಸ್ಟ್ರೋಕ್, ಕೀಪರ್ ಒಬ್ಬನೇ.

ಇವೆರಡರ ನಡುವೆ ಇರುವುದು ಬರೀ ವ್ಯಾಕರಣ. ಗೋಲು ‘ಆಗಬಹುದಿತ್ತೋ ಏನೋ’ ಎನ್ನಿಸಿದರೆ ಕಾರ್ನರ್. ‘ಆಗಿಯೇಬಿಡುತ್ತಿತ್ತು’ ಎನ್ನಿಸಿದರೆ ಸ್ಟ್ರೋಕ್. ಚೆಂಡು ಹಿಡಿದವನ ಮೇಲೆ ಡಿ ಒಳಗೆ ಬೇಕೆಂದೇ ತಪ್ಪೆಸಗಿದರೂ ಸ್ಟ್ರೋಕೇ. ಆದರೆ ಬೇಕೆಂದೋ ಬೇಡವೆಂದೋ, ಹೆತ್ತ ತಾಯಿಗೂ ತಿಳಿಯದು. ನಡೆಯದೇ ಹೋದದ್ದಕ್ಕೆ ಸಾಕ್ಷಿ ಹೇಳುವ ಕೆಲಸ ಇದು. ಜೋಯಿಸರಾದರೆ ಪಂಚಾಂಗ ತೆರೆಯುವಷ್ಟು ಹೊತ್ತಾದರೂ ಕೇಳಬಹುದು.

ದೊಡ್ಡವರ ಆಟದಲ್ಲಿ ವಿಡಿಯೊ ಅಂಪೈರ್ ಇರುತ್ತಾರಲ್ಲ ಎನ್ನುತ್ತೀರಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ ವಿರುದ್ಧ ನಮ್ಮ ಅಮಿತ್ ರೋಹಿದಾಸ್‌ಗೆ ರೆಡ್ ಕಾರ್ಡ್ ಕೊಟ್ಟದ್ದು ವಿಡಿಯೊ ನೋಡಿಯೇ. ನಮ್ಮವರು ಹತ್ತೇ ಜನ ಆಡಿ ಶೂಟೌಟ್‌ನಲ್ಲಿ 4-2ರಿಂದ ಗೆದ್ದರು, ಆದರೂ ಜಗಳ ನಿಲ್ಲಲಿಲ್ಲ. ಬೆಂಗಳೂರಿನ ರಘುಪ್ರಸಾದ್ ಒಲಿಂಪಿಕ್ಸ್‌ನಲ್ಲೇ ಅಂಪೈರಿಂಗ್ ಮಾಡಿದವರು. ಅವರಿಗೆ ರಾತ್ರಿ ನಿದ್ದೆ ಹೇಗೆ ಬರುತ್ತದೋ.

ನಾನು ಎರಡೂ ಕೈ ಚಾಚಿದೆ. ನಿಜ ಹೇಳಿಬಿಡುತ್ತೇನೆ: ಕಾರ್ನರ್ ಕೊಟ್ಟರೆ ಬೈಗುಳ ಎರಡೂ ಕಡೆಯಿಂದ ಅರ್ಧರ್ಧ ಬರುತ್ತದೆ, ಸ್ಟ್ರೋಕ್ ಕೊಟ್ಟರೆ ಒಂದೇ ಕಡೆಯಿಂದ ಇಡಿಯಾಗಿ.

ಆ ಚೆಂಡು ಹೊಡೆದ ಹುಡುಗ ಈಗ ದೇವನಹಳ್ಳಿ ಏರ್‌ಪೋರ್ಟಿಗೆ ಕ್ಯಾಬ್ ಓಡಿಸುತ್ತಾನೆ. ಮೊನ್ನೆ ಅವನದೇ ಗಾಡಿ ಸಿಕ್ಕಿತು. ಸಾದಹಳ್ಳಿ ಟೋಲ್ ದಾಟುವ ತನಕ ಸುಮ್ಮನಿದ್ದು, ಕನ್ನಡಿಯಲ್ಲಿ ನನ್ನನ್ನು ನೋಡುತ್ತಾ, ‘ಸಾ, ಅದು ಸ್ಟ್ರೋಕು ಸಾ’ ಎಂದ.

‘ಹೌದಪ್ಪಾ’ ಎಂದೆ.

ಕಾರ್ನರ್ ಗೋಲಾಗಲಿಲ್ಲ. ಅವನ ತಂಡದವರು 1-0ಯಲ್ಲಿ ಸೋತಿದ್ದರು.